ಹೆಂಡತಿ ಇದ್ದವನಿಗೆ ಬುತ್ತಿ

ವಿಜಯಪುರ
12 ಮೇ 2025

ಅಕ್ಕನಿಗೆ ಶರಣು.

ಈ ಕಾಲದಲ್ಲಿ ಕಾಗದ ಬರೆಯುವವನು ನಾನೊಬ್ಬನೇ ಇರಬೇಕು. ಓದಿ ನಗಬೇಡ. ನನ್ನ ಫೋನ್ ಕೆಟ್ಟಿದೆ, ಮಾತಾಡಿದರೆ ಅರ್ಧ ಕೇಳುತ್ತದೆ, ಅರ್ಧ ಕೇಳುವುದಿಲ್ಲ. ರಿಪೇರಿಗೆ ಕೊಡಲು ಪುರಸೊತ್ತಿಲ್ಲ. ಬೇಸಿಗೆ ಬಂತೆಂದರೆ ಎಲ್ಲರ ಬೋರಿನ ಮೋಟರೂ ಒಮ್ಮೆಲೇ ಸುಡುತ್ತವೆ. ಸಿದ್ಧೇಶ್ವರ ಗುಡಿಯ ಹಿಂದಿನ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ದಿನವಿಡೀ ತಂತಿ ಸುತ್ತುವುದೇ ಆಗಿದೆ.

ಒಂದು ಮಾತು ಕೇಳಬೇಕಿತ್ತು. ಸಾರವಾಡದಿಂದ ಮುಂಜಾನೆ ಬರುವ ಬಸ್ಸಿನಲ್ಲಿ ಕಾಲೇಜು ಹುಡುಗರಿಗೆ ಮನೆಯಿಂದ ಬುತ್ತಿ ಬರುತ್ತವಲ್ಲ, ಅವುಗಳ ಜೊತೆ ನನಗೂ ಒಂದು ಕಳಿಸುತ್ತೀಯಾ? ದಿನಾ ಬೇಡ, ವಾರದಲ್ಲಿ ಎರಡು ಮೂರು ಸಲ ಸಾಕು. ಸೌಭಾಗ್ಯಳಿಗೆ ಬೆನ್ನುನೋವು. ಮುಂಜಾನೆ ಎದ್ದು ರೊಟ್ಟಿ ಬಡಿಯಲು ಆಗುವುದಿಲ್ಲ. ಹೋಟೆಲಿನ ಊಟ ನನಗೆ ಒಗ್ಗದು ಎಂಬುದು ನಿನಗೇ ಗೊತ್ತು. ಬಸ್ಸಿನ ಕಂಡಕ್ಟರ್ ಹಣಮಂತರಾಯನಿಗೆ ಹೇಳಿದ್ದೇನೆ. ಬಸ್ ಸ್ಟ್ಯಾಂಡಿಗೆ ನಾನೇ ಬಂದು ಇಸಿದುಕೊಳ್ಳುತ್ತೇನೆ. ಖಾಲಿ ಡಬ್ಬಿಯಲ್ಲಿ ಕಾಗದ ಇಟ್ಟು ಮಧ್ಯಾಹ್ನದ ಬಸ್ಸಿಗೆ ತಿರುಗಿ ಕಳಿಸುತ್ತೇನೆ. ನೀನೂ ಹಾಗೆಯೇ ಬರೆ.

ಬುತ್ತಿಯ ವಿಷಯ ಸೌಭಾಗ್ಯಳಿಗೆ ಗೊತ್ತಾಗುವುದು ಬೇಡ. ಮೊದಲೇ ಬೆನ್ನುನೋವು, ಅದರ ಮೇಲೆ ಇದೊಂದು ಬೇಸರ ಯಾಕೆ.

ನಿನ್ನ ತಮ್ಮ
ಸಂಗನಬಸವ


ಸಾರವಾಡ
15 ಮೇ 2025

ಸಂಗೂ,

ನಿನ್ನ ಕಾಗದ ನೋಡಿ ನಮ್ಮ ಮನೆಯವರು, ಅದೇ ನಿಮ್ಮ ಮಾಮಾ, ಕೋರ್ಟಿನ ನೋಟೀಸು ಬಂತೆಂದು ಹೆದರಿದ್ದರು. ಏಳನೇ ಇಯತ್ತೆ ಬಿಟ್ಟ ಮೇಲೆ ನಾನು ಪೆನ್ನು ಹಿಡಿದದ್ದು ರೇಷನ್ ಅಂಗಡಿಯಲ್ಲಿ ಸಹಿ ಮಾಡಲಷ್ಟೇ. ಅಕ್ಷರ ಓದಲು ಬರದಿದ್ದರೆ ನಿನ್ನ ಕರ್ಮ.

ಇವತ್ತು ಬುತ್ತಿ ಹಿಡಿದು ಬಸ್ಸಿಗೆ ಹೋದರೆ ಅಲ್ಲಿ ದೊಡ್ಡ ಕಚೇರಿಯೇ ಆಯಿತು. ಮಕ್ಕಳನ್ನು ಪಟ್ಟಣದಲ್ಲಿ ಓದಲು ಬಿಟ್ಟ ತಾಯಂದಿರೆಲ್ಲ ಅಲ್ಲೇ ನಿಂತಿರುತ್ತಾರಲ್ಲ. “ನಿನ್ನ ಮಗಳು ಲಗ್ನ ಆಗಿ ಹೋಗ್ಯಾಳ, ಇದ್ಯಾರಿಗೆ ಬೇ ಬುತ್ತಿ?” ಎಂದು ಒಬ್ಬಳು ಕೇಳಿದಳು. ನಮ್ಮ ತಮ್ಮನಿಗೆ ಅಂದೆ. “ಹೆಂಡ್ತಿ ಇದ್ದಾವಗ ಬುತ್ತಿ?” ಎಂದು ಎಲ್ಲರೂ ನಕ್ಕರು. ಹಣಮಂತರಾಯನೂ ಸುಮ್ಮನಿರಲಿಲ್ಲ: “ಯಾವ ಕ್ಲಾಸಿನ್ಯಾಗ ಓದಾಕತ್ತಾನ್ರಿ ನಿಮ್ಮ ತಮ್ಮ?” ನಾನೂ ನಕ್ಕೆ. ಐದು ಎಚ್‌ಪಿ ಮೋಟರನ್ನು ಒಬ್ಬನೇ ಹೆಗಲಿಗೇರಿಸುವವನು ಅಕ್ಕನಿಗೆ ರೊಟ್ಟಿ ಕೇಳಿದರೆ ಜನ ನಗದೆ ಇರುತ್ತಾರೆಯೇ?

ಬದನೆಕಾಯಿ ಎಣ್ಣಿಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇಟ್ಟಿದ್ದೇನೆ. ಇಬ್ಬರೂ ಜಗಳಾಡಿದ್ದೀರೆಂದು ನನಗೆ ಅನುಮಾನ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಹೆಚ್ಚು ಬೆಳೆಸಬೇಡ.

ಸೌಭಾಗ್ಯಳಿಗೆ ಫೋನ್ ಹಚ್ಚಿ ಬೆನ್ನಿಗೆ ಏನು ಔಷಧ ತಗೊಂಡಿ ಎಂದು ಕೇಳಿದೆ. “ನನ್ನ ಬೆನ್ನಿಗೇನಾಗೇತ್ರಿ ಅಕ್ಕಾರ?” ಅಂದಳು. ಬುತ್ತಿಯ ಮಾತು ನಾನು ಎತ್ತಲಿಲ್ಲ, ಹೆದರಬೇಡ.

ನಿನ್ನ ಅಕ್ಕ
ರೇಣುಕಾ


ವಿಜಯಪುರ
26 ಮೇ 2025

ಅಕ್ಕನಿಗೆ ಶರಣು.

ಬರೆಯಲು ತಡವಾಯಿತು. ಎಡಗೈಯ ಎರಡು ಬೆರಳು ಮೋಟರಿನ ಕೆಳಗೆ ಸಿಕ್ಕು ಬಾತಿವೆ. ಬಲಗೈ ಚೆನ್ನಾಗಿದೆ, ಬರೆಯಲು ತೊಂದರೆಯಿಲ್ಲ.

ಬೆನ್ನುನೋವಿನ ಮಾತು ನೀನು ಕೇಳಬಾರದಿತ್ತು. ಇರಲಿ, ಆಗಿಹೋಯಿತು. ಇನ್ನು ಮೇಲೆ ಅವಳಿಗೆ ಫೋನ್ ಹಚ್ಚಬೇಡ. ಹಚ್ಚಿದರೂ ನನ್ನ ಸುದ್ದಿ ಬೇಡ, ಮಳೆ ಬೆಳೆಯ ಮಾತಾಡು.

ಉಂಡು ಮಲಗುವ ತನಕ ಎಂದು ಬರೆದಿದ್ದಿ. ಉಂಡರೆ ತಾನೇ.

ಎಣ್ಣಿಗಾಯಿ ಬಹಳ ಚೆನ್ನಾಗಿತ್ತು. ಪಕ್ಕದಲ್ಲಿ ಜುಬೇರನ ಬೇರಿಂಗ್ ಅಂಗಡಿ ಇದೆಯಲ್ಲ, ಅದರ ಒಳಕೋಣೆಯಲ್ಲಿ ಕೂತು ಉಣ್ಣುತ್ತೇನೆ. ನಿನ್ನ ಕಾಗದ ಓದಿ, ಸುತ್ತಿದ ತಂತಿಯ ವಾರ್ನಿಶ್ ಒಣಗಿಸುವ ಭಟ್ಟಿಗೆ ಹಾಕುತ್ತೇನೆ. ಬೇಸರ ಮಾಡಿಕೊಳ್ಳಬೇಡ, ಇಡಲು ಜಾಗವಿಲ್ಲ. ಈಗೀಗ ಬಹಳ ದಣಿವಾಗುತ್ತದೆ ಅಕ್ಕಾ. ಮೋಟರ್ ಎತ್ತಿದ್ದಕ್ಕಲ್ಲ, ಸುಮ್ಮನೆ ಕೂತರೂ ದಣಿವು.

ನಿನ್ನ ತಮ್ಮ
ಸಂಗನಬಸವ


ಸಾರವಾಡ
5 ಜೂನ್ 2025

ಸಂಗೂ,

ಮೊದಲು ಈ ಕಾಗದ ಓದು, ಆಮೇಲೆ ಡಬ್ಬಿ ತೆಗೆ. ತೆಗೆಯುವ ಮನಸ್ಸು ಉಳಿದರೆ.

ನಮ್ಮೂರ ಪ್ರತಾಪ ಮೋಟರ್ ಒಯ್ಯಲು ನಿನ್ನ ಅಂಗಡಿಗೆ ಬಂದಿದ್ದನಲ್ಲ, ಊರಿಗೆ ಬಂದು ಹೇಳಿದ: “ರೇಣುಕಕ್ಕಾ, ಸಂಗಣ್ಣನ ಮಾರಿ ಬಾತೈತಿ, ಕಣ್ಣ ಕೆಂಪಗಾಗ್ಯಾವ. ಕುಡಿಯಾಕತ್ತಾನೇನು ನೋಡ್ರಿ.” ನಾನು ಅವನಿಗೇ ಬೈದು ಕಳಿಸಿದೆ. ಅದೇ ದಿನ ಸಂಜೆ ಸೌಭಾಗ್ಯಳ ಫೋನ್ ಬಂತು. ಬಹಳ ಹೊತ್ತು ಅತ್ತಳು. “ನಿಮ್ಮ ತಮ್ಮ ಮನ್ಯಾಗ ಮಾತಾಡೂದಿಲ್ರಿ ಅಕ್ಕಾರ. ಅಂಗಡಿ ಬಿಟ್ಟು ಎಲ್ಲೆಲ್ಲೋ ಹೊಕ್ಕಾರ. ಕೇಳಿದ್ರ ಮೈಮ್ಯಾಲ ಬರ್ತಾರ.” ಮೈಮೇಲೆ ಬರುವುದೆಂದರೆ ಏನು ಎಂದು ನಾನು ಕೇಳಲಿಲ್ಲ. ಕೇಳಿ ತಿಳಿಯಬೇಕೇ? ನಾನೂ ಒಬ್ಬನ ಹೆಂಡತಿಯೇ.

ಬೆರಳು ಬಾತದ್ದು ಹೇಗೆಂದು ಈಗ ಗೊತ್ತಾಯಿತು. ಶಿವ ನಿನಗೆ ಅಂಥ ಕೈ ಕೊಟ್ಟಿದ್ದು ಮೋಟರ್ ಎತ್ತಲು, ಹೆಣ್ಣುಮಗಳ ಮೇಲೆ ಎತ್ತಲಲ್ಲ. ತಾಯಿ ಇಲ್ಲದ ಕೂಸೆಂದು ಮುದ್ದು ಮಾಡಿ ನಾನೇ ಕೆಡಿಸಿದೆನೋ ಏನೋ.

ನಿಮ್ಮ ಲಗ್ನ ಮಾಡಿಸಿದ ಗುರುಪಾದಯ್ಯನವರಿಗೆ ಎಲ್ಲ ಹೇಳಿದ್ದೇನೆ. ಈ ಭಾನುವಾರ ಟಿಕೋಟಾದಿಂದ ಸೌಭಾಗ್ಯಳ ಅಪ್ಪ ಅವ್ವನನ್ನೂ ಕರೆದುಕೊಂಡು ನಿಮ್ಮ ಮನೆಗೆ ಬರುತ್ತಾರೆ. ಅಯ್ಯನವರು ಹೇಳಿದಂತೆ ಕೇಳು. ಎದುರು ಮಾತಾಡಿದರೆ ನನ್ನ ಮುಖ ನೋಡಬೇಡ.

ರೇಣುಕಾ


ವಿಜಯಪುರ
11 ಜೂನ್ 2025

ಅಕ್ಕನಿಗೆ,

ಅಯ್ಯನವರು ಬಂದಿದ್ದರು. ಚಹಾ ಕುಡಿದರು. “ಒಂದ ಕೈಲೆ ಚಪ್ಪಾಳಿ ಆಗೂದಿಲ್ಲ ತಮ್ಮಾ” ಅಂದರು. ಮಾವನವರ ಕಾಲು ಮುಟ್ಟಿ ತಪ್ಪಾಯಿತು ಅನ್ನು ಎಂದರು, ಅಂದೆ. ಸೌಭಾಗ್ಯಳ ಮುಂದೆ ಕೈಮುಗಿದು ಅನ್ನು ಎಂದರು, ಅದನ್ನೂ ಅಂದೆ. ಎಲ್ಲರಿಗೂ ಸಮಾಧಾನವಾಯಿತು. ಅತ್ತೆಯವರು ನನ್ನ ಬಾಯಿಗೆ ಸಕ್ಕರೆ ಹಾಕಿದರು.

ಇನ್ನು ಯಾರನ್ನೂ ಕಳಿಸಬೇಡ. ಬುತ್ತಿಯನ್ನೂ ಕಳಿಸಬೇಡ.

ನಾನು ಕುಡಿಯುವುದಿಲ್ಲ.

ಸಂಗನಬಸವ


ಸಾರವಾಡ
16 ಜೂನ್ 2025

ತಮ್ಮಾ,

ನಿನ್ನ ಕಾಗದ ಓದಿ ಎದೆಯ ಮೇಲಿನ ಕಲ್ಲು ಇಳಿಯಿತು. ಸಿಟ್ಟಿನಲ್ಲಿ ಬರೆದಿದ್ದಿ, ಗೊತ್ತಾಗುತ್ತದೆ. ಇರಲಿ, ಹಿರಿಯರ ಮುಂದೆ ತಲೆ ಬಾಗಿದವನು ಸಣ್ಣವನಾಗುವುದಿಲ್ಲ. ಗುರುಪಾದಯ್ಯನವರು ಸಿಕ್ಕಿದ್ದರು. “ಹುಡುಗ ಬಂಗಾರದಂಥಾವ, ಒಂದ ಮಾತ ಎದುರು ಆಡಲಿಲ್ಲ” ಎಂದು ಬಾಯಿತುಂಬ ಹೊಗಳಿದರು.

ಬುತ್ತಿ ಬೇಡ ಎಂದರೆ ಮನೆಯಲ್ಲಿ ಊಟ ಸರಿಹೋಯಿತು ಎಂದಾಯಿತು. ಆದರೂ ಇದೊಂದು ಕೊನೆಯದು ಇರಲಿ. ಬೆಲ್ಲ ಹಾಕಿ ಮಾದಲಿ ಮಾಡಿದ್ದೇನೆ, ಮೇಲೆ ತುಪ್ಪ ಸುರಿದಿದ್ದೇನೆ. ಇಬ್ಬರೂ ಕೂಡಿ ತಿನ್ನಿರಿ. ಈಗ ಎಲ್ಲ ಸರಿಯಾಗಿದೆಯಲ್ಲ, ಮುಚ್ಚಿಡುವುದು ಯಾಕೆ ಎಂದು ಸೌಭಾಗ್ಯಳಿಗೆ ನಾನೇ ಫೋನ್ ಹಚ್ಚಿ ಹೇಳಿದ್ದೇನೆ. ಇಷ್ಟು ದಿನ ಬುತ್ತಿ ಕಳಿಸುತ್ತಿದ್ದೆ, ಇನ್ನು ನೀನೇ ನೋಡಿಕೋ ತಾಯಿ ಅಂದೆ. “ಹೌದೇನ್ರಿ ಅಕ್ಕಾರ?” ಎಂದು ನಕ್ಕಳು.

ರೇಣುಕಾ


ಸಾರವಾಡ
4 ಜುಲೈ 2025

ಸಂಗೂ,

ಮಾದಲಿಯ ಡಬ್ಬಿ ತಿರುಗಿ ಬರಲಿಲ್ಲ. ನಿನ್ನ ಕಾಗದವೂ ಇಲ್ಲ. ರಾತ್ರಿ ನಿನಗೆ ಫೋನ್ ಹಚ್ಚಿದರೆ ಸೌಭಾಗ್ಯಳೇ ಎತ್ತಿ “ಅವರು ಚಲೋ ಅದಾರ್ರಿ” ಎಂದು ಇಡುತ್ತಾಳೆ. ತಾಳಲಾರದೆ ನಿನ್ನೆ ನಿನ್ನ ಅಂಗಡಿಗೆ ಬಂದೆ. ನೀನು ನನ್ನನ್ನು ನೋಡಿದಿ. ನೋಡಿಲ್ಲ ಎಂದು ಬರೆಯಬೇಡ.

ಎದುರಿನ ಬಾಳೆಹಣ್ಣಿನ ಗಾಡಿ ದಾಟಿ ಇನ್ನೇನು ಒಳಗೆ ಬರಬೇಕು, ನಿನ್ನ ಫೋನಿನ ಗಂಟೆ ಹೊಡೆಯಿತು. ಮಾಸ್ತರು ಬಂದಾಗ ಎದ್ದು ನಿಲ್ಲುವ ಹುಡುಗನಂತೆ ನೀನು ಎದ್ದು ನಿಂತಿ. ಫೋನನ್ನು ತಿರುಗಿಸುತ್ತ ಗೋಡೆ ತೋರಿಸಿದಿ, ಮೋಟರ್ ತೋರಿಸಿದಿ, ಬಗ್ಗಿ ಟೇಬಲ್ಲಿನ ಕೆಳಗೂ ತೋರಿಸಿದಿ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ವಿಡಿಯೋದಲ್ಲಿ ಸೌಭಾಗ್ಯಳಿಗೆ ನಂಬಿಸುತ್ತಿದ್ದಿ. ಆಗ ನನ್ನ ಮೇಲೆ ನಿನ್ನ ಕಣ್ಣು ಬಿತ್ತು. ಬರಬೇಡ ಎಂದು ಕಣ್ಣಲ್ಲೇ ಅಂದಿ. ಹೆತ್ತವಳಂತೆ ಸಾಕಿದ ಅಕ್ಕ ನಾನು, ಬಾಳೆಹಣ್ಣು ಕೊಳ್ಳಲು ಬಂದವಳಂತೆ ಬೆನ್ನು ತಿರುಗಿಸಿ ನಿಂತೆ.

ಜುಬೇರ ನನ್ನನ್ನು ಗುರುತು ಹಿಡಿದು ತನ್ನ ಅಂಗಡಿಯಲ್ಲಿ ಕೂಡಿಸಿ ನೀರು ಕೊಟ್ಟ. ನೀನು ಅಲ್ಲೇ ಬಿಟ್ಟುಹೋದ ಮಾದಲಿ ಕೆಟ್ಟುಹೋಯಿತೆಂದು ಚೆಲ್ಲಿ, ಡಬ್ಬಿ ತೊಳೆದು ಇಟ್ಟಿದ್ದ. ನಾನು ಎಷ್ಟು ಕೇಳಿದರೂ, “ನಾ ಏನೂ ಹೇಳೂದಿಲ್ರಿ ಅಕ್ಕಾ, ಅವನ್ನ ಕೇಳ್ರಿ. ಅಂಗಿ ತೋಳ ಏರಿಸಿ ನೋಡ್ರಿ ಅಷ್ಟ” ಅಂದ.

ಬುದ್ಧಿ ಹೇಳಲು ಜನರನ್ನು ಕಳಿಸಿದೆ, ನಿನ್ನನ್ನು ಒಂದು ಮಾತು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಈ ಕಾಗದ ಜುಬೇರನ ಕೈಗೇ ಕೊಡಲು ಹಣಮಂತರಾಯನಿಗೆ ಹೇಳಿದ್ದೇನೆ. ಬರೆ ತಮ್ಮಾ. ಏನು ಬರೆದರೂ ನಂಬುತ್ತೇನೆ.

ರೇಣುಕಾ


ವಿಜಯಪುರ
9 ಜುಲೈ 2025

ಅಕ್ಕನಿಗೆ ಶರಣು.

ಜುಬೇರನ ಒಳಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಫೋನ್ ಎದುರಿಗೇ ಇದೆ. ಅದು ಕೆಟ್ಟಿರಲಿಲ್ಲ. ಅದರಲ್ಲಿ ನಾನು ಯಾರ ಜೊತೆ ಏನು ಮಾತಾಡಿದೆ ಎಂಬುದನ್ನು ಅವಳು ದಿನಾ ನೋಡುತ್ತಾಳೆ. ಅದಕ್ಕೇ ಕಾಗದ.

ಸೌಭಾಗ್ಯ ನನಗೆ ಹೊಡೆಯುತ್ತಾಳೆ. ಈ ಒಂದು ಸಾಲು ಬರೆಯಲು ಎಷ್ಟು ಹೊತ್ತು ಬೇಕಾಯಿತು ನೋಡು. ಬರೆದ ಮೇಲೂ ಯಾರೋ ನಗುತ್ತಾರೆ ಅನಿಸುತ್ತದೆ.

ಯಾಕೆ ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ಫೋನ್ ಎತ್ತಲು ತಡವಾಗಿರುತ್ತದೆ. ಯಾರೋ ಹೆಣ್ಣುಮಗಳು ಮೋಟರ್ ರಿಪೇರಿಗೆ ಕೊಡಲು ಬಂದಿರುತ್ತಾಳೆ. ಒಮ್ಮೊಮ್ಮೆ ಏನೂ ಇರುವುದಿಲ್ಲ. ಲಗ್ನವಾದ ಮರುವರ್ಷ ಮೊದಲ ಸಲ ಕಪಾಳಕ್ಕೆ ಹೊಡೆದಾಗ ಇಬ್ಬರೂ ಗಾಬರಿಯಾಗಿ ಆಮೇಲೆ ನಕ್ಕಿದ್ದೆವು. ಈಗ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಾಳೆ. ಸಿಟ್ಟು ಬಂದರೆ ಅಡುಗೆಮನೆಗೆ ಕೀಲಿ ಹಾಕುತ್ತಾಳೆ, ಎರಡು ದಿನ ತೆಗೆಯುವುದಿಲ್ಲ. ಬುತ್ತಿ ಕೇಳಿದ್ದು ಅದಕ್ಕೆ. ಬೆರಳು ಮೋಟರಿಗೆ ಸಿಕ್ಕಿರಲಿಲ್ಲ. ಬೆನ್ನುನೋವಿನ ಸುಳ್ಳು ಯಾಕೆ ಹೇಳಿದಿ ಎಂದು ಬಾಗಿಲಲ್ಲಿ ಹಿಡಿದು ಒತ್ತಿದಳು.

ಅಯ್ಯನವರ ಮುಂದೆ ಕೈಮುಗಿದ ದಿನ ಎಲ್ಲರೂ ಹೋದ ಮೇಲೆ, “ಈಗ ನಿಮ್ಮ ಮಂದೀನೂ ನನ್ನ ಕಡೇನ ಅದಾರ” ಅಂದಳು. ಮಾದಲಿಯ ಫೋನ್ ಬಂದ ದಿನ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. “ಹೆಂಡ್ತಿ ಉಣ್ಣಾಕ ಕೊಡೂದಿಲ್ಲ ಅಂತ ಊರ ಮುಂದ ನನ್ನ ಮಾನ ಕಳದಿ” ಎಂದು ಪಾತ್ರೆ ಎತ್ತಿ ನನ್ನ ಮೇಲೆ ಚೆಲ್ಲಿದಳು. ಬಲಗೈ ಅಡ್ಡ ಹಿಡಿದೆ, ಮುಖ ಉಳಿಯಿತು. ನಿನ್ನ ತಪ್ಪಲ್ಲ. ನಾನು ಹೇಳಿದ್ದರೆ ತಾನೇ ನಿನಗೆ ಗೊತ್ತಾಗುವುದು.

ದವಾಖಾನೆಯಲ್ಲಿ ಪಟ್ಟಿ ಕಟ್ಟುವ ಕಂಪೌಂಡರ್ ನನ್ನ ಮೈಕಟ್ಟು ನೋಡಿ ತಮಾಷೆ ಮಾಡಿದ: “ಏನ್ರಿ ಪೈಲವಾನರ, ಹೆಂಡ್ತಿ ಚಹಾ ಚೆಲ್ಲಿದ್ಲೇನು?” ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದು ಸಿಗುತ್ತಿರಲಿಲ್ಲ. ಹೇಳಲಿಲ್ಲ.

ತಿರುಗಿ ಯಾಕೆ ಹೊಡೆಯಲಿಲ್ಲ ಅನ್ನುತ್ತೀಯೇನೋ. ನನ್ನ ಕೈ ಎಂಥದೆಂದು ನನಗೆ ಗೊತ್ತು, ಬಿದ್ದರೆ ಅವಳು ಏಳುವುದಿಲ್ಲ. ಅವಳಿಗೂ ಅದು ಗೊತ್ತು. “ಠಾಣೇಕ್ಕ ಹೋಗಿ ನೀನ ಹೊಡದಿ ಅಂತೀನಿ, ನಿನ್ನ ಮೈ ನೋಡಿದಾವರು ಯಾರನ್ನ ನಂಬತಾರ ನೋಡು” ಅನ್ನುತ್ತಾಳೆ. ನೀನೇ ಅವಳನ್ನು ನಂಬಿದಿ. ಇದು ಸಿಟ್ಟಿನ ಮಾತಲ್ಲ, ಇದ್ದದ್ದು ಹೇಳಿದೆ.

ಅವಳು ಕೆಟ್ಟವಳು ಎಂದು ಬರೆಯಲು ನನಗೆ ಮನಸ್ಸಿಲ್ಲ. ಮರುದಿನ ಅಳುತ್ತಾಳೆ. ತಾನೇ ಮುಲಾಮು ಹಚ್ಚುತ್ತಾಳೆ, ಕೈತುತ್ತು ಉಣಿಸುತ್ತಾಳೆ. ಆಗ ನನಗೂ ಅಳು ಬರುತ್ತದೆ, ಇನ್ನು ಮುಗಿಯಿತು ಅನಿಸುತ್ತದೆ. ಹಾಗೆ ಅನಿಸಿ ಅನಿಸಿಯೇ ಆರು ವರ್ಷ ಕಳೆದವು. ಈಗ ಹೊಡೆತಕ್ಕಿಂತ ಆ ಮುಲಾಮಿಗೆ ಹೆಚ್ಚು ಹೆದರುತ್ತೇನೆ. ಅದನ್ನು ಹಚ್ಚಿಸಿಕೊಂಡರೆ ಮತ್ತೆ ಅಲ್ಲೇ ಉಳಿಯುತ್ತೇನೆ.

ನೀನು ಏನೂ ಮಾಡಬೇಡ. ಓದಿ ಒಲೆಗೆ ಹಾಕು. ಮಾಮಾಗೆ ಹೇಳಬೇಡ, ಅವರ ಮುಂದೆ ನನಗೆ ತಲೆ ಎತ್ತಲು ಆಗುವುದಿಲ್ಲ.

ನಿನ್ನ ತಮ್ಮ
ಸಂಗನಬಸವ


ಸಾರವಾಡ
20 ಜುಲೈ 2025

ನನ್ನ ತಮ್ಮಾ,

ನಿನ್ನ ಕಾಗದ ಓದಿ ಎರಡು ದಿನ ರೊಟ್ಟಿ ಇಳಿಯಲಿಲ್ಲ. ನನ್ನ ಕೈಯಾರೆ ನಿನ್ನನ್ನು ಬೆಂಕಿಗೆ ನೂಕಿದೆ ಅನಿಸಿತು. ಅದರ ಬಗ್ಗೆ ಇನ್ನು ಬರೆಯುವುದಿಲ್ಲ. ಬರೆದರೆ ನೀನು ನನ್ನನ್ನು ಸಮಾಧಾನ ಮಾಡಲು ಕೂಡುತ್ತಿ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಲಗ್ನವಾದ ಹೊಸದರಲ್ಲಿ ನಿಮ್ಮ ಮಾಮಾ ನನ್ನ ಮೇಲೆ ಕೈ ಮಾಡುತ್ತಿದ್ದರು. ಒಮ್ಮೆ ಅಪ್ಪನ ಮನೆಗೆ ಬಂದುಬಿಟ್ಟಿದ್ದೆ. ನೀನು ಸಣ್ಣವನು, ಅಕ್ಕ ಬಂದಳೆಂದು ಕುಣಿದಿ. ಆಗಲೂ ಇದೇ ಗುರುಪಾದಯ್ಯನವರು ಮೂರನೆಯ ದಿನ ಬಂದು ಇದೇ ಚಪ್ಪಾಳೆಯ ಮಾತು ಹೇಳಿ ನನ್ನನ್ನು ಬಸ್ಸು ಹತ್ತಿಸಿದರು. ಆ ಮಾತಿನಿಂದ ನನಗೆ ಏನೂ ಒಳ್ಳೆಯದಾಗಲಿಲ್ಲ. ಆದರೂ ನಿನ್ನ ಮನೆಗೆ ಅವರನ್ನೇ ಕಳಿಸಿದೆ. ನಮಗೆ ಗೊತ್ತಿರುವ ಮದ್ದು ಅದೊಂದೇ.

ಮಾಮಾಗೆ ಹೇಳಬೇಡ ಅಂದಿದ್ದಿ, ಹೇಳಿದೆ. ಮೊದಲು ನಕ್ಕರು. “ಆಕೀನ? ಅವನನ್ನ?” ಅಂದರು. ನಾನು ನಗಲಿಲ್ಲ. ಅವರ ಮುಖ ನೋಡುತ್ತ ಕೂತೆ. ಏನು ನೆನಪಾಯಿತೋ, ನಗು ನಿಲ್ಲಿಸಿ ಎದ್ದು ಹೊಲಕ್ಕೆ ಹೋದರು. ಮರುದಿನ ನನಗೆ ಹೇಳದೆ ಬಬಲೇಶ್ವರಕ್ಕೆ ಹೋಗಿ ಒಬ್ಬ ವಕೀಲರನ್ನು ಕಂಡು ಬಂದಿದ್ದಾರೆ. ಮೊದಲು ಮನೆಯಿಂದ ಹೊರಗೆ ಬರಲಿ, ದವಾಖಾನೆಗೆ ಹೋಗಿ ಸುಟ್ಟದ್ದನ್ನು ನಿಜ ಹೇಳಿ ಬರೆಸಲಿ, ಉಳಿದದ್ದು ಆಮೇಲೆ ನೋಡೋಣ ಅಂದರಂತೆ. “ಮ್ಯಾಲಿನ ಖೋಲಿ ಸ್ವಚ್ಛ ಮಾಡು” ಎಂದು ಮಾಮಾ ಅಂದರು. ಅಷ್ಟೇ ಅಂದರು.

ಈಗ ನನ್ನ ಮಾತು ಕೇಳು. ಬರುವ ಮಂಗಳವಾರ ಬಿಟ್ಟು ಮುಂದಿನ ಮಂಗಳವಾರ ನಾಗರಪಂಚಮಿ. ಅಪ್ಪ ತೀರಿದ ಮೇಲೆ ಪ್ರತಿ ವರ್ಷ ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ನೀನೇ ಬರುತ್ತಿದ್ದಿ. ಮೂರು ವರ್ಷವಾಯಿತು ಬಂದಿಲ್ಲ. ಹೆಂಡತಿಯ ಸೆರಗು ಹಿಡಿದು ಅಕ್ಕನನ್ನು ಮರೆತ ಎಂದು ನಾನು ಓಣಿಯೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಈ ವರ್ಷ ನಾನು ಬರುತ್ತೇನೆ, ನಿನ್ನನ್ನು ಕರೆಯಲು.

ನಗಬೇಡ. ಪಂಚಮಿಗೆ ಕರೆಯಲು ಬಂದವರಿಗೆ ಇಲ್ಲ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಎಂಥ ಕಟುಕ ಅತ್ತೆಯೂ ನಾಲ್ಕು ದಿನದ ಮಟ್ಟಿಗೆ ಸೊಸೆಯನ್ನು ಬಿಟ್ಟುಕೊಡುತ್ತಾಳೆ, ಓಣಿಯ ಜನ ನೋಡುತ್ತಿರುತ್ತಾರಲ್ಲ. ಭಾನುವಾರ 27ಕ್ಕೆ, ನಿಮ್ಮ ಓಣಿಯವರೆಲ್ಲ ಮನೆಯಲ್ಲಿರುವ ಹೊತ್ತಿಗೆ, ಎಳ್ಳಿನ ಉಂಡಿ, ಶೇಂಗಾ ಉಂಡಿ ಬುಟ್ಟಿಯಲ್ಲಿ ಹೊತ್ತು ಬರುತ್ತೇನೆ. ಮನೆಮನೆಗೂ ಉಂಡಿ ಕೊಟ್ಟು, “ನಮ್ಮ ತಮ್ಮನ್ನ ಪಂಚಮಿಗೆ ಕರಕೊಂಡ ಹೋಗಾಕ ಬಂದೀನ್ರಿ” ಎಂದು ಹೇಳಿಯೇ ನಿಮ್ಮ ಬಾಗಿಲಿಗೆ ಬರುತ್ತೇನೆ. ಓಣಿ ನಗುತ್ತದೆ. ನಗಲಿ, ನಕ್ಕವರು ಸಾಕ್ಷಿಯಾಗುತ್ತಾರೆ. ಅಷ್ಟು ಜನರ ಮುಂದೆ ಅವಳು ಕೈ ಎತ್ತಲಾರಳು, ನಿನ್ನನ್ನು ಹಿಡಿದೂ ಇಡಲಾರಳು. ನಾಲ್ಕು ದಿನಕ್ಕೆಂದು ಹೊರಡು. ತಿರುಗಿ ಹೋಗುವುದೋ ಬಿಡುವುದೋ ಇಲ್ಲಿ ಕೂತು ವಿಚಾರ ಮಾಡು. ಮೂರನೆಯ ದಿನ ನಿನ್ನನ್ನು ಬಸ್ಸು ಹತ್ತಿಸುವವರು ಈ ಮನೆಯಲ್ಲಿ ಯಾರೂ ಇಲ್ಲ.

ಬೇಡವಾದರೆ ಬರೆ. ನಿನ್ನನ್ನು ಕೇಳದೆ ಈ ಸಲ ಏನೂ ಮಾಡುವುದಿಲ್ಲ.

ನಿನ್ನ ಅಕ್ಕ
ರೇಣುಕಾ


ವಿಜಯಪುರ
25 ಜುಲೈ 2025

ಅಕ್ಕನಿಗೆ ಶರಣು.

ನಿನ್ನ ಕಾಗದ ಬಂದು ಮೂರು ದಿನವಾಯಿತು. ಈ ಸಲ ಭಟ್ಟಿಗೆ ಹಾಕಲಿಲ್ಲ.

ಬೇಡ ಎಂದು ಬರೆಯಲು ಕೂತಿದ್ದೇನೆ. ಗಂಡಸನ್ನು ಪಂಚಮಿಗೆ ಕರೆದದ್ದನ್ನು ಯಾರಾದರೂ ಕೇಳಿದ್ದಾರೆಯೇ? ನಾನು ಸತ್ತರೂ ಓಣಿಯಲ್ಲಿ ಆ ಹೆಸರು ಹೋಗುವುದಿಲ್ಲ. ಮೋಟರ್ ತರುವ ರೈತರು ಅಂಗಡಿಯಲ್ಲೇ ಕೂತು ಅದನ್ನು ಮಾತಾಡುತ್ತಾರೆ. ಅವಳು ಈ ವರ್ಷ ತಾನೂ ಟಿಕೋಟಾಕ್ಕೆ ಹೋಗುವುದಿಲ್ಲ, ಕರೆಯಲು ಬರಬೇಡ ಎಂದು ತನ್ನ ಅಣ್ಣನಿಗೆ ಹೇಳಿದ್ದಾಳೆ. ನನ್ನನ್ನು ಒಬ್ಬನನ್ನೇ ಬಿಟ್ಟು ಹೋಗಲು ಅವಳಿಗೆ ಧೈರ್ಯವಿಲ್ಲ. ನಾನು ಹೊರಟರೆ ಠಾಣೆಗೆ ಹೋದರೂ ಹೋದಾಳು. ಅವಳು ಅಳಲು ಶುರು ಮಾಡಿದರೆ ನಾನೇ ಚೀಲ ಕೆಳಗಿಟ್ಟರೂ ಇಟ್ಟೇನು. ಇಷ್ಟೆಲ್ಲ ಇದೆ. ಮಾಮಾಗೆ ಗೊತ್ತಾಯಿತೆಂದು ಓದಿದಾಗ ಕಾಗದ ಮಡಚಿಟ್ಟು, ಮತ್ತೆ ಬಿಚ್ಚಿದೆ. ಮೇಲಿನ ಖೋಲಿಯ ಮಾತು ಬಂದಲ್ಲಿ ಮತ್ತೆ ಮತ್ತೆ ಓದಿದೆ.

ನಾನೇ ಹೊರಟುಬಿಡಬೇಕೆಂದು ಎಷ್ಟೋ ಸಲ ನೋಡಿದ್ದೇನೆ. ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋಗುತ್ತೇನೆ. ಎಲ್ಲಿಗೆ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ಚಪ್ಪಲಿ ಬಿಚ್ಚಿಟ್ಟು ಒಳಗೆ ಬರುತ್ತೇನೆ. ನಿನ್ನೆಯೂ ಹಾಗೇ ಆಯಿತು. ಹೋಗಲು ಬಾಗಿಲು ಅಡ್ಡವಾಗಿರಲಿಲ್ಲ ಅಕ್ಕಾ, ನನ್ನನ್ನು ಬಾ ಎಂದು ಕರೆದವರು ಇರಲಿಲ್ಲ.

ನಿನ್ನ ಬಸ್ಸು ಮುಂಜಾನೆ ಒಂದಿದೆ, ಮಧ್ಯಾಹ್ನ ಒಂದಿದೆ. ಬರುವುದಾದರೆ ಮುಂಜಾನೆಯದಕ್ಕೇ ಬಾ. ಮಧ್ಯಾಹ್ನದ ತನಕ ಕಾಯಲು ನನ್ನಿಂದ ಆಗುವುದಿಲ್ಲ.

ನಿನ್ನ ತಮ್ಮ
ಸಂಗನಬಸವ